ಹೆಲಿ ನಡುಗಿದರೆ ಮೊದಲು ಏನು ನೋಡಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಪುಟ್ಟ ಎಲೆಕ್ಟ್ರಿಕ್ ಆರ್‌ಸಿ (ರೇಡಿಯೋ ಕಂಟ್ರೋಲ್) ಹೆಲಿಕಾಪ್ಟರ್‌ಗಳದ್ದೇ ಕಾರುಬಾರು. ಹೆಚ್ಚಿನವರು ಕೇಳಿರುವುದು ಒಂದೇ: ಹೆಲಿ ಸರಿಯಾಗಿ ಹಾರುತ್ತಿಲ್ಲ, ಯಾವ ಪಾರ್ಟ್ ತಗೊಳ್ಳಲಿ? ತಗೊಳ್ಳುವುದು ಸುಲಭ. ಆದರೆ ಹೊಸ ಪಾರ್ಟ್ ಹಾಕಿದ ಮೇಲೂ ಹಳೇ ತೊಂದರೆ ಅಲ್ಲೇ ಉಳಿದರೆ, ತಪ್ಪು ಯಾವುದರದ್ದು ಅಂತ ಹುಡುಕುವುದು ಇನ್ನೂ ಕಷ್ಟವಾಗುತ್ತದೆ. ಹಾಗಾಗಿ ಕೆಲವು ಕಡೆ ‘ಈಗಲೇ ಏನೂ ತಗೋಬೇಡಿ’ ಅಂತ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಒಬ್ಬರು ಬಳಸಿದ 450 ಸೈಜಿನ ಹೆಲಿ ತಗೊಂಡೆ. ಫ್ಲೈಬಾರ್ (ರೋಟರ್ ಜೊತೆ ತಿರುಗುತ್ತಾ ಹೆಲಿಯನ್ನು ಸ್ಥಿರವಾಗಿಡುವ ಸರಳು) ಇದೆ, ಟೇಲ್‌ಗೆ ಬೆಲ್ಟ್ ಇದೆ. ಮೇಲೆ ಎತ್ತಿದ ಕೂಡಲೇ ಇಡೀ ಬಾಡಿ ನಡುಗುತ್ತದೆ, ಬಾಲ ಎಡಕ್ಕೂ ಬಲಕ್ಕೂ ಒದ್ದಾಡುತ್ತದೆ. ಗೈರೋ ಹಳೆಯದು, ಬದಲಿಸು ಅಂತ ಗೆಳೆಯರು ಹೇಳುತ್ತಾರೆ. ಒಳ್ಳೇ ಗೈರೋ ಯಾವುದು ಸರ್?

ಉತ್ತರ: ಗೈರೋ ವಿಷಯಕ್ಕೆ ಆಮೇಲೆ ಬರೋಣ. ನೀವು ಹೇಳಿದ್ದರಲ್ಲಿ ಎರಡು ತೊಂದರೆ ಇವೆ. ಬಾಡಿ ನಡುಗುವುದು ಒಂದು, ಬಾಲ ಒದ್ದಾಡುವುದು ಇನ್ನೊಂದು. ಮೊದಲನೆಯದೇ ಎರಡನೆಯದಕ್ಕೆ ಕಾರಣ ಆಗಿರುವ ಸಾಧ್ಯತೆ ಜಾಸ್ತಿ. ಹೆಲಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಗೈರೋ ಅಳೆಯುತ್ತದೆ. ಫ್ರೇಮ್ ಜೋರಾಗಿ ನಡುಗಿದರೆ ಅದರ ಅಳತೆಯಲ್ಲೂ ಆ ನಡುಕ ಸೇರಿಕೊಳ್ಳುತ್ತದೆ, ಅದು ಇಲ್ಲದ ತಿರುಗಾಟಕ್ಕೆಲ್ಲ ಟೇಲ್ ಸರ್ವೋವನ್ನು (ಬಾಲದ ಬ್ಲೇಡುಗಳ ಕೋನ ಬದಲಿಸುವ ಪುಟ್ಟ ಮೋಟರನ್ನು) ಆಡಿಸುತ್ತಾ ಇರುತ್ತದೆ. ಎಂಥ ಗೈರೋ ತಂದು ಅಂಟಿಸಿದರೂ ಇದೇ ಕಥೆ.

ನಡುಕ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದಕ್ಕೆ ಒಂದು ಕ್ರಮ ಇದೆ, ಅದನ್ನು ಬಿಡಬೇಡಿ. ಮೇನ್ ಬ್ಲೇಡ್ ಎರಡನ್ನೂ ಬಿಚ್ಚಿ, ಟೇಲ್ ಬ್ಲೇಡ್ ಎರಡನ್ನೂ ಬಿಚ್ಚಿ. ಹೆಲಿಯನ್ನು ಗಟ್ಟಿಯಾಗಿ ಕಟ್ಟಿ, ದೂರ ನಿಂತು ಮೋಟರ್ ಓಡಿಸಿ. ಈಗಲೂ ನಡುಗಿದರೆ ತಪ್ಪು ಮೋಟರ್, ಮೇನ್ ಗೇರ್, ಮೇನ್ ಶಾಫ್ಟ್ ಅಥವಾ ಬೇರಿಂಗ್‌ನಲ್ಲಿದೆ. ನಡುಗದಿದ್ದರೆ ಟೇಲ್ ಬ್ಲೇಡ್ ಮಾತ್ರ ಹಾಕಿ ಮತ್ತೆ ಓಡಿಸಿ. ಟೇಲ್ ರೋಟರ್ ಮೇನ್ ರೋಟರ್‌ಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಹಾಗಾಗಿ ಆ ಚಿಕ್ಕ ಬ್ಲೇಡುಗಳ ತೂಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಟೇಲ್ ಫಿನ್ ಮಸುಕಾಗಿ ಕಾಣುವಷ್ಟು ಅದುರುತ್ತದೆ. ಅದೂ ಸರಿ ಇದೆ ಅಂದರೆ ಉಳಿದಿದ್ದು ರೋಟರ್ ಹೆಡ್ ಮತ್ತು ಮೇನ್ ಬ್ಲೇಡ್.

ಹೆಡ್ ಬಿಚ್ಚಿದಾಗ ಸ್ಪಿಂಡಲ್ ಹೊರಗೆ ತೆಗೆದು ಕನ್ನಡಿ ಅಥವಾ ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ. ಎರಡೂ ಬ್ಲೇಡ್ ಗ್ರಿಪ್‌ಗಳನ್ನು ಹಿಡಿದಿರುವ ಆ ತೆಳು ಸರಳು ಸಣ್ಣ ಕ್ರ್ಯಾಶ್‌ನಲ್ಲೇ ಬಾಗುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಉರುಳುವಾಗ ಅಡಿಯಲ್ಲಿ ಬೆಳಕು ಬಿಟ್ಟು ಬಿಟ್ಟು ಕಂಡರೆ ಬಾಗಿದೆ ಅಂತ ಅರ್ಥ. ನೆಟ್ಟಗೆ ಮಾಡಲು ಹೋಗಬೇಡಿ, ಹೊಸದು ಹಾಕಿ. ಮೇನ್ ಶಾಫ್ಟ್‌ಗೂ ಇದೇ ಪರೀಕ್ಷೆ. ಇನ್ನೊಬ್ಬರು ಬಳಸಿದ ಹೆಲಿ ಅಂದಮೇಲೆ ನಾನಾದರೆ ಇವೆರಡನ್ನೂ ಕಣ್ಣುಮುಚ್ಚಿ ಬದಲಿಸುತ್ತೇನೆ. ಸ್ಪಿಂಡಲ್‌ನ ಎರಡೂ ಕಡೆ ಇರುವ ರಬ್ಬರ್ ಡ್ಯಾಂಪರ್ ಹಳಸಿದ್ದರೆ ಅದನ್ನೂ.

ಆಮೇಲೆ ಬ್ಲೇಡ್ ಬ್ಯಾಲೆನ್ಸ್. ಒಂದೊಂದು ಬ್ಲೇಡನ್ನೂ ಪೆನ್ಸಿಲ್ ಮೇಲಿಟ್ಟು ಎಲ್ಲಿ ಸಮ ನಿಲ್ಲುತ್ತದೆ ಅಂತ ಗುರುತು ಮಾಡಿ. ಎರಡರ ಗುರುತೂ ಬುಡದಿಂದ ಒಂದೇ ದೂರದಲ್ಲಿ ಇರಬೇಕು. ಇಲ್ಲದಿದ್ದರೆ ಒಂದರ ತುದಿಗೋ ಬುಡಕ್ಕೋ ಚೂರು ಟೇಪ್ ಸುತ್ತಿ ಸರಿದೂಗಿಸಿ. ಅದಾದಮೇಲೆ ತೂಕ ನೋಡಿ, ಹಗುರ ಇರುವ ಬ್ಲೇಡಿಗೆ ಆ ಗುರುತಿನ ಜಾಗದಲ್ಲೇ ಟೇಪ್ ಸುತ್ತಿ. ಬರೀ ತೂಕ ಸಮ ಮಾಡಿ ಬಿಡುವವರು ಬಹಳ ಜನ, ಅದು ಅರ್ಧ ಕೆಲಸ. ಬ್ಲೇಡ್ ಬೋಲ್ಟ್ ಎರಡೂ ಒಂದೇ ಬಿಗಿ ಇರಲಿ: ಹೆಲಿಯನ್ನು ಪಕ್ಕಕ್ಕೆ ವಾಲಿಸಿದರೆ ಬ್ಲೇಡ್ ತಾನಾಗಿ ಬೀಳಬಾರದು, ಸ್ವಲ್ಪ ಅಲುಗಿಸಿದರೆ ಬೀಳಬೇಕು.

ಇನ್ನು ಟ್ರ್ಯಾಕಿಂಗ್, ಅಂದರೆ ಎರಡೂ ಬ್ಲೇಡ್ ಒಂದೇ ಮಟ್ಟದಲ್ಲಿ ತಿರುಗುವ ಹಾಗೆ ಮಾಡುವುದು. ಒಂದು ಬ್ಲೇಡಿನ ತುದಿಗೆ ಬಣ್ಣದ ಟೇಪ್ ಹಾಕಿ, ಕಡಿಮೆ ಎತ್ತರದಲ್ಲಿ ಹೋವರ್ ಮಾಡುತ್ತಾ (ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸುತ್ತಾ) ರೋಟರ್‌ನ ಅಂಚನ್ನು ನೋಡಿ. ಒಂದೇ ಗೆರೆ ಕಂಡರೆ ಸರಿ. ಎರಡು ಗೆರೆ ಕಂಡರೆ ಮೇಲೆ ಓಡುವ ಬ್ಲೇಡಿನ ಪಿಚ್ (ಓರೆ ಕೋನ) ಸ್ವಲ್ಪ ಇಳಿಯುವ ಹಾಗೆ ಅದರ ಲಿಂಕನ್ನು ಒಂದು ಸುತ್ತು ತಿರುಗಿಸಿ, ಮತ್ತೆ ನೋಡಿ. ಇದನ್ನು ಮಾಡುವಾಗ ದಯವಿಟ್ಟು ದೂರ ಇರಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. 450 ಹೆಲಿಯ ರೋಟರ್ ಸುಮಾರು 70 ಸೆಂಟಿಮೀಟರ್ ಅಗಲ. ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಬ್ಲೇಡಿನ ತುದಿ ಗಂಟೆಗೆ 370 ಕಿಲೋಮೀಟರ್ ವೇಗದಲ್ಲಿರುತ್ತದೆ. ಪುಟ್ಟದು ಅಂತ ಹೇಳುತ್ತೇವೆ ಅಷ್ಟೇ, ಇದು ಆಟಿಕೆಯಲ್ಲ.

ಇಷ್ಟಾದ ಮೇಲೂ ಬಾಲ ಒದ್ದಾಡಿದರೆ ಟೇಲ್ ಸರ್ವೋದ ಲಿಂಕ್ ಕಳಚಿ, ಟೇಲ್ ಸ್ಲೈಡರನ್ನು ಬೆರಳಲ್ಲಿ ಆಡಿಸಿ. ಎಲ್ಲೂ ಹಿಡಿಯಬಾರದು, ಸಡಿಲವೂ ಇರಬಾರದು. ಬೆಲ್ಟ್ ಸಡಿಲ ಇದ್ದರೆ ಬಿಗಿ ಮಾಡಿ. ಆಮೇಲೆ ಗೈರೋವನ್ನು ರೇಟ್ ಮೋಡ್‌ಗೆ ಹಾಕಿ, ಸರ್ವೋ ಆರ್ಮ್ ಲಿಂಕ್‌ಗೆ 90 ಡಿಗ್ರಿ ನಿಲ್ಲುವ ಹಾಗೆ ಕೂರಿಸಿ, ಹೋವರ್‌ನಲ್ಲಿ ಬಾಲ ಯಾವ ಕಡೆಗೂ ಜಾರದಂತೆ ಲಿಂಕ್‌ನ ಉದ್ದ ಸರಿಮಾಡಿ. ಟ್ರಾನ್ಸ್‌ಮಿಟರ್‌ನ (ಕೈಯಲ್ಲಿ ಹಿಡಿಯುವ ರಿಮೋಟ್‌ನ) ಟ್ರಿಮ್‌ನಲ್ಲಿ ಅಲ್ಲ, ಲಿಂಕ್‌ನಲ್ಲೇ. ಅದು ಸರಿಯಾದ ಮೇಲೆ ಹೆಡಿಂಗ್ ಹೋಲ್ಡ್‌ಗೆ ಬದಲಿಸಿ. ರೇಟ್ ಮೋಡ್ ಬಾಲದ ತಿರುಗಾಟವನ್ನು ತಡೆಯುತ್ತದೆ ಅಷ್ಟೇ, ಇದು ಬಾಲವನ್ನು ಅದೇ ದಿಕ್ಕಿನಲ್ಲಿ ಹಿಡಿದಿಡುತ್ತದೆ. ಟ್ರಾನ್ಸ್‌ಮಿಟರ್‌ನಲ್ಲಿ ರೆವೊ ಮಿಕ್ಸಿಂಗ್ (ಥ್ರಾಟಲ್ ಏರಿದಾಗ ಬಾಲವನ್ನು ತಾನೇ ಸರಿದೂಗಿಸುವ ಸೆಟ್ಟಿಂಗ್) ಇದ್ದರೆ ಆಫ್ ಮಾಡಿ, ಹೆಡಿಂಗ್ ಹೋಲ್ಡ್ ಜೊತೆ ಅದು ಜಗಳ ಆಡುತ್ತದೆ. ಕೊನೆಗೆ ಗೇನ್, ಅಂದರೆ ಗೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನುವುದು: ಬಾಲ ಪಟಪಟ ಅಂತ ಬೇಗ ಬೇಗ ಅಲುಗಿದರೆ ಗೇನ್ ಜಾಸ್ತಿಯಾಗಿದೆ, ನಿಧಾನಕ್ಕೆ ಜಾರುತ್ತಿದ್ದರೆ ಕಡಿಮೆ. ಅಲುಗುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ ಬಿಡಿ. ಗೈರೋದ ಅಡಿಯ ಅಂಟು ಟೇಪ್ ಒಣಗಿದ್ದರೆ ಅದನ್ನೂ ಬದಲಿಸಿ. ಇಷ್ಟೆಲ್ಲ ಮಾಡಿದ ಮೇಲೂ ಬಾಲ ನಿಲ್ಲದಿದ್ದರೆ ಆಗ ಬರೆಯಿರಿ, ಗೈರೋ ಬಗ್ಗೆ ಮಾತಾಡೋಣ.

ಪ್ರಶ್ನೆ: ನನ್ನ ಹೆಲಿಯ ಹೆಡ್ ಪ್ಲಾಸ್ಟಿಕ್. ಪೂರ್ತಿ ಮೆಟಲ್ ಹೆಡ್ ಹಾಕಿದರೆ ಜಾಸ್ತಿ ಸ್ಥಿರವಾಗಿ ಹಾರುತ್ತದೆಯೇ?

ಉತ್ತರ: ಹೋವರ್ ಕಲಿಯುತ್ತಿದ್ದರೆ ಬೇಡ. ಮೆಟಲ್ ಹೆಡ್‌ನಲ್ಲಿ ಸಡಿಲ ಕಡಿಮೆ ಇರುತ್ತದೆ ನಿಜ, ಸ್ಟಿಕ್ ಆಡಿಸಿದ್ದು ನೇರವಾಗಿ ಬ್ಲೇಡಿಗೆ ಹೋಗುತ್ತದೆ. ಆದರೆ ಕಲಿಯುವಾಗ ಹೆಲಿ ಬೀಳುತ್ತದೆ. ಪ್ಲಾಸ್ಟಿಕ್ ಗ್ರಿಪ್ ಮುರಿದರೆ ಪೆಟ್ಟು ಅಲ್ಲಿಗೇ ನಿಲ್ಲುತ್ತದೆ. ಅಲ್ಯೂಮಿನಿಯಂ ಗ್ರಿಪ್ ಮುರಿಯುವುದಿಲ್ಲ, ಆ ಪೆಟ್ಟನ್ನು ಶಾಫ್ಟ್‌ಗೆ, ಮೇನ್ ಗೇರ್‌ಗೆ, ಸರ್ವೋದ ಹಲ್ಲಿಗೆ ದಾಟಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ತಾನೇ ಒಂಚೂರು ಬಾಗಿ ಸುಮ್ನೆ ಕೂತಿರುತ್ತದೆ, ಆ ನಡುಕದ ಮೂಲ ಹುಡುಕುವಷ್ಟರಲ್ಲಿ ನಿಮಗೆ ಸಾಕುಸಾಕಾಗುತ್ತದೆ.

ಒಂದೊಂದಾಗಿ ಬದಲಿಸುವ ಆಸೆ ಇದ್ದರೆ ಟೇಲ್ ಪಿಚ್ ಸ್ಲೈಡರ್, ಸ್ವಾಶ್‌ಪ್ಲೇಟ್ (ಸರ್ವೋಗಳ ಚಲನೆಯನ್ನು ತಿರುಗುವ ಬ್ಲೇಡುಗಳಿಗೆ ದಾಟಿಸುವ ತಟ್ಟೆ) ಇವುಗಳಿಂದ ಶುರು ಮಾಡಿ. ಸಡಿಲ ಕಡಿಮೆ ಆಗಿದ್ದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮೆಟಲ್‌ಗೆ ಮೆಟಲ್ ಸೇರುವ ಪ್ರತಿ ಸ್ಕ್ರೂಗೂ ನೀಲಿ ಥ್ರೆಡ್‌ಲಾಕ್ ಅಂಟು ಒಂದು ಹನಿ ಹಾಕಲೇಬೇಕು, ಇಲ್ಲದಿದ್ದರೆ ಅದುರುವಿಕೆಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂಗೆ ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ.

ಪ್ರಶ್ನೆ: ನನ್ನದು ಫಿಕ್ಸೆಡ್ ಪಿಚ್ (ಬ್ಲೇಡಿನ ಕೋನ ಬದಲಾಗದ) ಹೆಲಿ. ಟೇಲ್‌ಗೆ ಬೇರೆ ಪುಟ್ಟ ಮೋಟರ್ ಇದೆ. ಮೇನ್ ಮೋಟರ್ ಬ್ರಶ್ ಇರುವ ಹಳೇ ಥರದ್ದು, ಈಗ ಸುಸ್ತಾಗಿದೆ. ಬ್ರಶ್‌ಲೆಸ್ ಹಾಕಬೇಕು ಅಂತಿದ್ದೇನೆ. ಮೋಟರ್ ಒಂದು ತಗೊಂಡರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಬ್ರಶ್ ಮೋಟರ್‌ಗೆ ಎರಡು ವೈರ್, ಬ್ರಶ್‌ಲೆಸ್‌ಗೆ ಮೂರು. ಹಳೇ ಸ್ಪೀಡ್ ಕಂಟ್ರೋಲರ್ ಅದನ್ನು ಓಡಿಸಲಾರದು, ಬ್ರಶ್‌ಲೆಸ್ ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್) ಬೇಕು. ಪುಟ್ಟ ಹೆಲಿಗಳಲ್ಲಿ ರಿಸೀವರ್, ಗೈರೋ, ಎರಡೂ ಮೋಟರ್‌ಗಳ ಕಂಟ್ರೋಲರ್ ಎಲ್ಲ ಒಂದೇ ಬೋರ್ಡ್‌ನಲ್ಲಿ ಇರುವುದು ಸಾಮಾನ್ಯ. ನಿಮ್ಮದೂ ಹಾಗಿದ್ದರೆ ಬೋರ್ಡ್‌ನಿಂದ ಇಎಸ್‌ಸಿಗೆ ಸಿಗ್ನಲ್ ಹೇಗೆ ಕೊಡುವುದು ಅನ್ನುವುದೇ ದೊಡ್ಡ ಪ್ರಶ್ನೆ. ಬೋರ್ಡ್ ಬ್ರಶ್ ಮೋಟರ್‌ಗೆ ಕೊಡುವ ಸಿಗ್ನಲ್ಲೇ ಬೇರೆ, ಇಎಸ್‌ಸಿ ಕೇಳುವ ಸರ್ವೋ ಸಿಗ್ನಲ್ಲೇ ಬೇರೆ. ಅವೆರಡರ ನಡುವೆ ಒಂದು ಕನ್ವರ್ಟರ್ ಬೇಕಾಗುತ್ತದೆ, ಇಲ್ಲವೇ ಬಿಡಿ ರಿಸೀವರ್ ಮತ್ತು ಬಿಡಿ ಗೈರೋಗೆ ಹೋಗಬೇಕಾಗುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಮೇನ್ ಮೋಟರ್‌ಗೆ ಶಕ್ತಿ ಬಂತು ಅಂದರೆ ಬಾಡಿಯನ್ನು ಎದುರು ದಿಕ್ಕಿಗೆ ತಿರುಗಿಸುವ ಬಲವೂ ಹೆಚ್ಚಾಯಿತು. ಅದನ್ನು ತಡೆಯಬೇಕಾದದ್ದು ಅದೇ ಪುಟ್ಟ ಟೇಲ್ ಮೋಟರ್. ಅದು ಮೊದಲೇ ಪೂರ್ತಿ ದುಡಿಯುತ್ತಿರುತ್ತದೆ. ನೀವು ಥ್ರಾಟಲ್ ಏರಿಸಿದ ಕೂಡಲೇ ಹೆಲಿ ಗಿರ್ರನೆ ತಿರುಗುತ್ತದೆ, ಕೆಲವೇ ಹಾರಾಟಗಳಲ್ಲಿ ಟೇಲ್ ಮೋಟರ್ ಬಿಸಿಯಾಗಿ ಸುಟ್ಟೂ ಹೋಗಬಹುದು. ಅಂದರೆ ಮೇನ್ ಬದಲಿಸಿದರೆ ಟೇಲ್ ಕೂಡ ಬದಲಿಸಬೇಕು. ಜೊತೆಗೆ ಬ್ಯಾಟರಿಯೂ ಅಷ್ಟು ಕರೆಂಟ್ ಕೊಡಬೇಕು. ಇಷ್ಟೆಲ್ಲ ಮಾಡುವ ಖುಷಿಗೆ ಮಾಡುತ್ತೇನೆ ಅಂದರೆ ಖಂಡಿತ ಮಾಡಿ, ಕಲಿಯಲು ಇದಕ್ಕಿಂತ ಒಳ್ಳೇ ಕೆಲಸ ಇಲ್ಲ. ಬರೀ ಚೆನ್ನಾಗಿ ಹಾರಬೇಕು ಅಷ್ಟೇ ಅಂದರೆ ಅದೇ ಥರದ ಹೊಸ ಬ್ರಶ್ ಮೋಟರ್ ಹಾಕಿ. ಅದು ಸವೆಯುವ ಪಾರ್ಟ್, ಬ್ರಶ್ ತೇದುಹೋಗುವುದು ಸಹಜ.

ಪ್ರಶ್ನೆ: 3,500 ಕೆವಿ ಮೋಟರ್, 3 ಸೆಲ್ ಲಿಪೋ ಬ್ಯಾಟರಿ, 150 ಹಲ್ಲಿನ ಮೇನ್ ಗೇರ್, 12 ಹಲ್ಲಿನ ಪಿನಿಯನ್ (ಮೋಟರ್ ಶಾಫ್ಟ್‌ನ ಚಿಕ್ಕ ಗೇರ್). ಶಕ್ತಿ ಸಾಲದು ಅನಿಸುತ್ತಿದೆ. 14ರ ಪಿನಿಯನ್ ಹಾಕಲಾ?

ಉತ್ತರ: ಲೆಕ್ಕ ಹಾಕಿ ನೋಡೋಣ. ಕೆವಿ ಅಂದರೆ ಲೋಡ್ ಇಲ್ಲದಾಗ ಒಂದು ವೋಲ್ಟ್‌ಗೆ ಎಷ್ಟು ಆರ್‌ಪಿಎಂ ಅಂತ. 3,500ನ್ನು 3 ಸೆಲ್ ಬ್ಯಾಟರಿಯ 11.1 ವೋಲ್ಟ್‌ನಿಂದ ಗುಣಿಸಿದರೆ 38,850. ಅದನ್ನು 12ರಿಂದ ಗುಣಿಸಿ 150ರಿಂದ ಭಾಗಿಸಿದರೆ 3,108. ಹಾರುವಾಗ ಲೋಡ್‌ಗೆ ಇಳಿಯುತ್ತದೆ, ಸುಮಾರು 85 ಶೇಕಡಾ ಸಿಕ್ಕಿತು ಅಂದುಕೊಂಡರೆ ಹೆಡ್ ಸ್ಪೀಡ್ (ಮೇನ್ ರೋಟರ್‌ನ ವೇಗ) 2,640ರ ಹತ್ತಿರ. 14 ಹಾಕಿದರೆ ಇದೇ ಲೆಕ್ಕದಲ್ಲಿ 3,080 ಆಗುತ್ತದೆ.

ಹದಿನೇಳು ಶೇಕಡಾ ಜಾಸ್ತಿ ಅಷ್ಟೇ ಅಲ್ವಾ ಅನಿಸಬಹುದು. ಆದರೆ ಬ್ಲೇಡನ್ನು ಹೊರಗೆ ಎಳೆಯುವ ಬಲ ವೇಗದ ವರ್ಗದಷ್ಟು ಏರುತ್ತದೆ, ಅಂದರೆ ಸುಮಾರು 36 ಶೇಕಡಾ ಜಾಸ್ತಿ. ಅದೇ ಪಿಚ್‌ನಲ್ಲಿ ಬೇಕಾಗುವ ಶಕ್ತಿ ವೇಗದ ಘನದಷ್ಟು ಏರುತ್ತದೆ, ಅಂದರೆ ಒಂದೂವರೆ ಪಟ್ಟಿಗೂ ಮೇಲೆ. ಅಷ್ಟನ್ನೂ ಕೊಡಬೇಕಾದ್ದು ಅದೇ ಮೋಟರ್, ಅದೇ ಇಎಸ್‌ಸಿ, ಅದೇ ಬ್ಯಾಟರಿ. ಹಾಗಾಗಿ ಒಂದೇ ಹಲ್ಲು ಏರಿಸಿ. 13 ಹಾಕಿದರೆ 2,860ರ ಹತ್ತಿರ ಬರುತ್ತದೆ, 325 ಮಿಲಿಮೀಟರ್ ಬ್ಲೇಡಿನ 450 ಹೆಲಿಗೆ ಅದು ಧಾರಾಳ. ಬ್ಲೇಡ್ ಮೇಲೆ ಇಷ್ಟೇ ಆರ್‌ಪಿಎಂ ಅಂತ ಮಿತಿ ಬರೆದಿದ್ದರೆ ಅದನ್ನು ಮೀರಲೇಬೇಡಿ.

ಪಿನಿಯನ್ ಬದಲಿಸಿದ ಮೇಲೆ ಎರಡೂ ಗೇರ್‌ಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮೋಟರನ್ನು ಒತ್ತಿ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕಾಗದ ತಿರುಗಿಸಿ ತೆಗೆಯಿರಿ. ಕಾಗದ ಹರಿಯದೆ ಮಡಿಕೆ ಬಿದ್ದು ಹೊರಬಂದರೆ ಗೇರ್ ಸರಿಯಾಗಿ ಕೂತಿದೆ. ಮೊದಲ ಹಾರಾಟ ಎರಡು ನಿಮಿಷಕ್ಕೆ ನಿಲ್ಲಿಸಿ, ಬ್ಯಾಟರಿ ಕಳಚಿ, ಮೋಟರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಹಳೇ ಪಿನಿಯನ್‌ಗೆ ವಾಪಸ್.

ಅಂದಹಾಗೆ, ಬ್ಯಾಟರಿ ಹಳೆಯದಾ? ಶಕ್ತಿ ಸಾಲದು ಅನ್ನುವ ಬಹಳ ದೂರುಗಳಿಗೆ ಸುಸ್ತಾದ ಲಿಪೋ ಕಾರಣ. ಬೇರೆಯವರ ಹೊಸ ಬ್ಯಾಟರಿ ಒಂದು ಸಲ ಹಾಕಿ ನೋಡಿ, ಆಮೇಲೆ ಪಿನಿಯನ್ ಯೋಚನೆ.

ಪ್ರಶ್ನೆ: ಕಲೆಕ್ಟಿವ್ ಪಿಚ್ (ಎರಡೂ ಬ್ಲೇಡಿನ ಕೋನ ಒಟ್ಟಿಗೆ ಬದಲಾಗುವ) ಹೆಲಿಗೆ ಹೊಸಬ. ಸ್ಟಿಕ್ ಅರ್ಧ ದಾಟುವವರೆಗೆ ಏನೂ ಇಲ್ಲ, ಆಮೇಲೆ ಕಪ್ಪೆಯ ಹಾಗೆ ಒಂದೇ ಸಲ ಜಿಗಿಯುತ್ತದೆ. ಸರ್ವೋ ಬದಲಿಸಬೇಕಾ?

ಉತ್ತರ: ಸರ್ವೋ ಚೆನ್ನಾಗೇ ಇರಬಹುದು, ಸೆಟಪ್ ತಪ್ಪಿದೆ. ಮೊದಲು ಮೋಟರ್‌ನ ಮೂರು ವೈರ್‌ಗಳಲ್ಲಿ ಎರಡನ್ನು ಕಳಚಿ ಪ್ರತ್ಯೇಕವಾಗಿ ಟೇಪ್ ಸುತ್ತಿ. ಟೇಬಲ್ ಮೇಲೆ ಕೆಲಸ ಮಾಡುವಾಗ ಮೋಟರ್ ತಿರುಗುವ ದಾರಿಯೇ ಇರಬಾರದು.

ಸ್ಟಿಕ್ ನಡುವೆ ಇಡಿ. ಮೂರೂ ಸರ್ವೋ ಆರ್ಮ್‌ಗಳು ಲಿಂಕ್‌ಗೆ 90 ಡಿಗ್ರಿ ಇರಬೇಕು. ಸ್ವಾಶ್‌ಪ್ಲೇಟ್ ಮೇನ್ ಶಾಫ್ಟ್‌ಗೆ ನೆಟ್ಟಗೆ ಇರಬೇಕು. ಬ್ಲೇಡ್ ಪಿಚ್ ಗೇಜ್‌ನಲ್ಲಿ ಸೊನ್ನೆ ತೋರಿಸಬೇಕು. ಈ ಮೂರೂ ಒಟ್ಟಿಗೆ ಹೊಂದುವವರೆಗೆ ಟ್ರಾನ್ಸ್‌ಮಿಟರ್‌ನ ಬೇರೆ ಏನನ್ನೂ ಮುಟ್ಟಬೇಡಿ. ಆರ್ಮ್ ಹಲ್ಲಿನ ಮೇಲೆ ಕೂರುವುದರಿಂದ ಸರಿಯಾಗಿ 90 ಸಿಗದೇ ಇರಬಹುದು, ಬೇರೆ ದಿಕ್ಕಿಗೆ ತಿರುಗಿಸಿ ಕೂರಿಸಿ ನೋಡಿ, ಉಳಿದ ಚೂರನ್ನು ಟ್ರಾನ್ಸ್‌ಮಿಟರ್‌ನ ಸಬ್‌ಟ್ರಿಮ್‌ನಲ್ಲಿ (ಸರ್ವೋದ ನಡು ಜಾಗ ತಿದ್ದುವ ಸೆಟ್ಟಿಂಗ್) ತೆಗೆಯಿರಿ.

ಇನ್ನು ಕರ್ವ್, ಅಂದರೆ ಸ್ಟಿಕ್ ಎಲ್ಲಿದ್ದಾಗ ಎಷ್ಟು ಪಿಚ್, ಎಷ್ಟು ಥ್ರಾಟಲ್ ಅನ್ನುವ ಸೆಟ್ಟಿಂಗ್. ಹೋವರ್ ಕಲಿಯಲು ಪಿಚ್ ಕೆಳಗೆ ಮೈನಸ್ 2, ಮೇಲೆ 9 ಅಥವಾ 10 ಡಿಗ್ರಿ ಇದ್ದರೆ ಸಾಕು. ಮೇಲೆ ಹೇಳಿದ ಸೊನ್ನೆ ಜೋಡಣೆಗೆ ಮಾತ್ರ, ಹಾರಿಸಲು ಸ್ಟಿಕ್ ನಡುವಿನಲ್ಲಿ ನಾಲ್ಕೈದು ಡಿಗ್ರಿ ಬರುವ ಹಾಗೆ ಪಿಚ್ ಕರ್ವ್ ಹಾಕಿ, ಅಲ್ಲೇ ಸುತ್ತಮುತ್ತ ಹೋವರ್ ಆಗುತ್ತದೆ. ಜಿಗಿಯುವುದಕ್ಕೆ ಕಾರಣ ಇಷ್ಟೇ: ರೋಟರ್ ವೇಗ ಮತ್ತು ಪಿಚ್ ಎರಡೂ ಒಟ್ಟಿಗೆ ಏರುತ್ತಿವೆ. ಥ್ರಾಟಲ್ ಕರ್ವನ್ನು ಬೇಗ ಮೇಲೇರಿಸಿ ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಮಟ್ಟಸವಾಗಿ ಇಟ್ಟರೆ, ಹೆಲಿ ನೆಲ ಬಿಡುವ ಮೊದಲೇ ರೋಟರ್ ತನ್ನ ವೇಗಕ್ಕೆ ಬಂದಿರುತ್ತದೆ. ಆಮೇಲೆ ಮೇಲೆ ಕೆಳಗೆ ಹೋಗುವುದೆಲ್ಲ ಬರೀ ಪಿಚ್‌ನ ಕೆಲಸ, ಸ್ಟಿಕ್ ಮೆತ್ತಗಾಗುತ್ತದೆ. ಇಎಸ್‌ಸಿಯಲ್ಲಿ ಗವರ್ನರ್ (ರೋಟರ್ ವೇಗವನ್ನು ತಾನೇ ಒಂದೇ ಮಟ್ಟದಲ್ಲಿಡುವ ವ್ಯವಸ್ಥೆ) ಇದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಎಷ್ಟೇ ಟ್ರಿಮ್ ಮಾಡಿದರೂ ಹೋವರ್‌ನಲ್ಲಿ ಹೆಲಿ ಸ್ವಲ್ಪ ಬಲಕ್ಕೆ ವಾಲಿಕೊಂಡೇ ನಿಲ್ಲುತ್ತದೆ. ಏನು ತಪ್ಪಾಗಿದೆ?

ಉತ್ತರ: ಏನೂ ತಪ್ಪಿಲ್ಲ. ಮೇಲಿನಿಂದ ನೋಡಿದರೆ ನಿಮ್ಮ ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಬಾಡಿ ತಿರುಗದ ಹಾಗೆ ಟೇಲ್ ರೋಟರ್ ಎಡಕ್ಕೆ ತಳ್ಳುತ್ತಿರುತ್ತದೆ, ಆ ತಳ್ಳಾಟ ಇಡೀ ಹೆಲಿಯನ್ನೂ ಎಡಕ್ಕೆ ಒಯ್ಯುತ್ತದೆ. ಒಂದೇ ಜಾಗದಲ್ಲಿ ನಿಲ್ಲಬೇಕಾದರೆ ಬಲಕ್ಕೆ ಚೂರು ವಾಲಲೇಬೇಕು. ದೊಡ್ಡ ಹೆಲಿಕಾಪ್ಟರ್‌ಗಳೂ ಹೀಗೇ ವಾಲುತ್ತವೆ, ರೋಟರ್ ಎದುರು ದಿಕ್ಕಿಗೆ ತಿರುಗುವಂಥವು ಎಡಕ್ಕೆ.

ಪ್ರಶ್ನೆ: ಮಗಳಿಗೆ ಕೊಡಿಸಿದ ಎರಡು ರೋಟರ್‌ನ ಪುಟ್ಟ ಹೆಲಿ ನಿಧಾನಕ್ಕೆ ಒಂದೇ ಕಡೆ ಸುತ್ತುತ್ತದೆ. ಬಿದ್ದಿಲ್ಲ, ಏನೂ ಆಗಿಲ್ಲ.

ಉತ್ತರ: ಆ ಥರದ ಹೆಲಿಗಳಲ್ಲಿ ಎರಡು ರೋಟರ್ ಎದುರು ಬದುರು ತಿರುಗಿ ಒಂದರ ಸೆಳೆತವನ್ನು ಇನ್ನೊಂದು ತಡೆಯುತ್ತದೆ. ಒಂದು ಮೋಟರ್ ಸ್ವಲ್ಪ ಸವೆದರೂ ಹೀಗೆ ಸುತ್ತುತ್ತದೆ. ಮೊದಲು ಎರಡೂ ಶಾಫ್ಟ್‌ಗೆ ಕೂದಲು, ದಾರ ಏನಾದರೂ ಸುತ್ತಿಕೊಂಡಿದೆಯಾ ನೋಡಿ, ಮನೆಯೊಳಗೆ ಹಾರಿಸುವ ಹೆಲಿಗಳಲ್ಲಿ ಇದು ಮಾಮೂಲು. ಏನೂ ಇಲ್ಲದಿದ್ದರೆ ರಡ್ಡರ್ ಟ್ರಿಮ್‌ನಲ್ಲಿ ಸರಿಮಾಡಿ. ಟ್ರಿಮ್ ಕೊನೆ ಮುಟ್ಟಿದರೂ ಸುತ್ತುತ್ತಿದ್ದರೆ ಎರಡೂ ಮೋಟರನ್ನು ಜೋಡಿಯಾಗಿ ಬದಲಿಸಿ.

ಪ್ರಶ್ನೆ: 2,200 ಎಂಎಎಚ್ ಬ್ಯಾಟರಿ ಇದೆ. ಜಾಸ್ತಿ ಹೊತ್ತು ಹಾರಲು ದೊಡ್ಡ ಬ್ಯಾಟರಿ ಹಾಕಬಹುದಾ? ಈಗಿರುವುದು ಸ್ವಲ್ಪ ಊದಿಕೊಂಡಿದೆ.

ಉತ್ತರ: ಊದಿದ ಬ್ಯಾಟರಿಯನ್ನು ಇವತ್ತೇ ಬಳಕೆಯಿಂದ ತೆಗೆಯಿರಿ. ಅದಕ್ಕೆ ಮತ್ತೆ ಚಾರ್ಜ್ ಕೊಡಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಹಳೇ ಬ್ಯಾಟರಿ ತಗೊಳ್ಳುವ ಜಾಗಕ್ಕೆ ಕೊಡಿ.

ಹೊಸದಕ್ಕೆ ಈ ಅಭ್ಯಾಸ ಇಟ್ಟುಕೊಳ್ಳಿ. ಸಾಮರ್ಥ್ಯದ 80 ಶೇಕಡಾ ಮಾತ್ರ ಬಳಸಿ, ನಿಮ್ಮ ಲೆಕ್ಕದಲ್ಲಿ 1,760 ಎಂಎಎಚ್. ಚಾರ್ಜರ್ ಎಷ್ಟು ತುಂಬಿಸಿತು ಅಂತ ನೋಡಿ, ಅದರ ಪ್ರಕಾರ ಟ್ರಾನ್ಸ್‌ಮಿಟರ್‌ನ ಟೈಮರ್ ಇಡಿ. ಚಾರ್ಜ್ 1ಸಿಯಲ್ಲಿ, ಅಂದರೆ 2.2 ಆಂಪ್‌ನಲ್ಲಿ, ಬ್ಯಾಲೆನ್ಸ್ ವೈರ್ ಹಾಕಿಯೇ ಮಾಡಿ, ಪಕ್ಕದಲ್ಲೇ ಇರಿ. ಒಂದು ಸೆಲ್‌ಗೆ 4.2 ವೋಲ್ಟ್ ದಾಟಬಾರದು, 3 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಕೆಲವು ದಿನ ಹಾರಿಸುವುದಿಲ್ಲ ಅಂದರೆ ಸೆಲ್‌ಗೆ 3.8 ವೋಲ್ಟ್ ಸುತ್ತ ಇಟ್ಟು ಎತ್ತಿಡಿ. ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಬಿಡುವುದು ಬ್ಯಾಟರಿ ಊದಲು ಒಂದು ಮುಖ್ಯ ಕಾರಣ.

ದೊಡ್ಡ ಬ್ಯಾಟರಿ ಹಾಕಿದರೆ ತೂಕ ಏರುತ್ತದೆ, ಆ ತೂಕ ಎತ್ತಲು ಕರೆಂಟ್ ಏರುತ್ತದೆ, ಅಂದುಕೊಂಡಷ್ಟು ಸಮಯ ಸಿಗುವುದಿಲ್ಲ. ಮೂಗೂ ಭಾರವಾಗುತ್ತದೆ. ಯಾವ ಬ್ಯಾಟರಿ ಹಾಕಿದರೂ ರೋಟರ್ ಹೆಡ್ ಹಿಡಿದು ಹೆಲಿಯನ್ನು ಎತ್ತಿ ನೋಡಿ. ಟೇಲ್ ಬೂಮ್ ನೆಲಕ್ಕೆ ಸಮ ನಿಲ್ಲಬೇಕು. ಇಲ್ಲದಿದ್ದರೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ. ನನ್ನ ಸಲಹೆ, ಅದೇ ಸೈಜಿನ ಇನ್ನೊಂದು ಬ್ಯಾಟರಿ ತಗೊಳ್ಳಿ. ನಡುವೆ ಇಳಿಸಿದಾಗ ಮೋಟರ್ ತಣಿಯುತ್ತದೆ, ಸ್ಕ್ರೂ ಎಲ್ಲ ಒಮ್ಮೆ ನೋಡಿಕೊಳ್ಳಲು ಸಮಯವೂ ಸಿಗುತ್ತದೆ.

ಪ್ರಶ್ನೆ: ಫ್ಲೈಬಾರ್ ತೆಗೆದು ಫ್ಲೈಬಾರ್‌ಲೆಸ್ ಮಾಡಿಕೊಳ್ಳುವುದು ಒಳ್ಳೆಯದಾ? ಫ್ಲೈಬಾರ್ ಹಳೇ ಕಾಲದ್ದು ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ: ಹಳೇ ಕಾಲದ್ದು ನಿಜ. ಬೆಲ್ ಕಂಪನಿಗೆ ಆರ್ಥರ್ ಯಂಗ್ ಮಾಡಿಕೊಟ್ಟ ಸ್ಟೆಬಿಲೈಸರ್ ಬಾರ್, ಸ್ಟ್ಯಾನ್ಲಿ ಹಿಲ್ಲರ್ ತಮ್ಮ ಹೆಲಿಕಾಪ್ಟರ್‌ಗಳಿಗೆ ಹಾಕಿದ ಪ್ಯಾಡಲ್ (ಸರಳಿನ ತುದಿಯ ಪುಟ್ಟ ರೆಕ್ಕೆ), ಇವೆರಡನ್ನು ಬೆರೆಸಿದ ರೂಪ ಅದು. ಯಂಗ್ ಅವರ ಬಾರ್ ಇದ್ದ ಬೆಲ್ 47ಕ್ಕೆ 1946ರಲ್ಲೇ ನಾಗರಿಕ ಬಳಕೆಯ ಪ್ರಮಾಣಪತ್ರ ಸಿಕ್ಕಿತ್ತು. ಮಾಡೆಲ್ ಹೆಲಿಗಳು ದಶಕಗಳ ಕಾಲ ಹಾರಿದ್ದು ಈ ಬಾರ್‌ನ ಆಸರೆಯಲ್ಲೇ. ಈಗ ಅದೇ ಕೆಲಸವನ್ನು ಮೂರು ದಿಕ್ಕಿನ ಗೈರೋ ಇರುವ ಚಿಕ್ಕ ಡಬ್ಬಿ ಮಾಡುತ್ತದೆ. ಲಿಂಕ್‌ಗಳು ಕಡಿಮೆ, ಬಿದ್ದಾಗ ಮುರಿಯುವುದೂ ಕಡಿಮೆ, ಪ್ಯಾಡಲ್‌ಗೆ ಹೋಗುತ್ತಿದ್ದ ಶಕ್ತಿಯೂ ಉಳಿಯುತ್ತದೆ. ಹೊಸ ಹೆಲಿ ತಗೊಳ್ಳುವವರಿಗೆ ನಾನು ಫ್ಲೈಬಾರ್‌ಲೆಸ್ಸೇ ಹೇಳುತ್ತೇನೆ.

ಇರುವುದನ್ನು ಬದಲಿಸುವಾಗ ಮಾತ್ರ ಸ್ವಲ್ಪ ಯೋಚನೆ ಮಾಡಿ. ಹೆಡ್ ಬದಲಾಗಬೇಕು, ಬ್ಲೇಡ್ ಕೂಡ ಬದಲಾದರೆ ಒಳ್ಳೆಯದು. ಫ್ಲೈಬಾರ್ ಇದ್ದಾಗ ಸರ್ವೋ ಮೇಲೆ ಬೀಳುತ್ತಿದ್ದ ಭಾರದಲ್ಲಿ ಒಂದು ಪಾಲನ್ನು ಪ್ಯಾಡಲ್ ಹೊರುತ್ತಿತ್ತು. ಈಗ ಅಷ್ಟೂ ನೇರವಾಗಿ ಸರ್ವೋಗೆ. ಜೊತೆಗೆ ಗೈರೋ ಅವುಗಳನ್ನು ಒಂದು ಕ್ಷಣವೂ ಸುಮ್ಮನಿರಲು ಬಿಡುವುದಿಲ್ಲ. ನಿಧಾನದ, ಹಲ್ಲು ಸಡಿಲವಾದ ಸರ್ವೋ ಇದ್ದರೆ ಹೆಲಿ ತೂಗಾಡುತ್ತದೆ. ಬಿಇಸಿ (ರಿಸೀವರ್‌ಗೂ ಸರ್ವೋಗಳಿಗೂ ಕರೆಂಟ್ ಕೊಡುವ ಭಾಗ) ಸಣ್ಣದಿದ್ದರೆ ಮೂರೂ ಸರ್ವೋ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು ರಿಸೀವರ್ ಗಾಳಿಯಲ್ಲೇ ರೀಸ್ಟಾರ್ಟ್ ಆಗಬಹುದು, ಆಮೇಲೆ ಹೆಲಿ ನಿಮ್ಮ ಮಾತು ಕೇಳುವುದಿಲ್ಲ. ಮತ್ತೆ ನಡುಕ: ಮೊದಲು ನಡುಕಕ್ಕೆ ಬಾಲ ಮಾತ್ರ ಒದ್ದಾಡುತ್ತಿತ್ತು, ಈಗ ಇಡೀ ಹೆಲಿ ಒದ್ದಾಡುತ್ತದೆ. ನಿಮ್ಮ ಹೆಲಿ ಈಗ ಫ್ಲೈಬಾರ್‌ನಲ್ಲಿ ನಡುಕ ಇಲ್ಲದೆ ಹಾರುತ್ತಿದೆಯೇ? ಹೌದಾದರೆ ಧೈರ್ಯವಾಗಿ ಬದಲಿಸಿ, ಮೊದಲ ಸಲ ಗೇನ್ ಕಡಿಮೆ ಇಟ್ಟು ಎತ್ತಿ. ಇಲ್ಲವಾದರೆ ಮೊದಲ ಪ್ರಶ್ನೆಗೆ ಕೊಟ್ಟ ಉತ್ತರದ ಪ್ರಕಾರ ಬ್ಲೇಡ್ ಬಿಚ್ಚುವುದರಿಂದಲೇ ಶುರು ಮಾಡಿ.